ಬಸ್ಸು ಹತ್ತದವರ ಲೆಕ್ಕ

ಬಸ್ ನಿಲ್ದಾಣದ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ದೇವದುರ್ಗಕ್ಕೆ ಇಷ್ಟು ಗಂಟೆಗೆ, ಮಾನ್ವಿಗೆ ಇಷ್ಟು ಗಂಟೆಗೆ, ಇಂಥ ಹಳ್ಳಿಗೆ ದಿನಕ್ಕೆ ಎರಡೇ ಸಲ. ನಮ್ಮ ಬಸ್ಸು ಯಾವಾಗ ಎಂದು ನೋಡಿಕೊಂಡು ಮುಂದೆ ಹೋಗುತ್ತೇವೆ. ಆದರೆ ಆ ಹಲಗೆಯ ಮೇಲಿನ ಒಂದೊಂದು ಅಂಕಿಯೂ ಯಾರೋ ಕುಳಿತು ಲೆಕ್ಕ ಹಾಕಿ ಮಾಡಿದ ತೀರ್ಮಾನ. ಕೃಷ್ಣೆಯ ದಂಡೆಯ ಒಂದು ಹಳ್ಳಿಯಿಂದ ಹುಡುಗಿಯೊಬ್ಬಳು ದೇವದುರ್ಗದ ಕಾಲೇಜಿಗೆ ಬರುತ್ತಾಳೆ ಎನ್ನೋಣ. ಕಾಲೇಜು ಬಿಡುವುದು ಸಂಜೆ 4ಕ್ಕೆ. ಅವಳ ಊರಿನ ಕೊನೆಯ ಬಸ್ಸು ಹೊರಡುವುದು 3.45ಕ್ಕೆ. ಅವಳು ಪಿಯುಸಿ ಮುಗಿಸುತ್ತಾಳೋ, ನಡುವೆ ಬಿಟ್ಟು ಹತ್ತಿ ಬಿಡಿಸಲು ಹೋಗುತ್ತಾಳೋ ಎಂಬುದು ಈ 15 ನಿಮಿಷಗಳ ಮೇಲೆ ನಿಂತಿರಬಹುದು.

ಹಾಗಾದರೆ ಈ ಅಂಕಿಗಳನ್ನು ಯಾರು ನಿರ್ಧರಿಸುತ್ತಾರೆ? ಯಾವ ಲೆಕ್ಕದಿಂದ? ವಿದೇಶಗಳ ಸಾರಿಗೆ ಸಂಸ್ಥೆಗಳಲ್ಲಿ ಈ ಕೆಲಸಕ್ಕೆ ಹಿರಿಯ ಸಾರಿಗೆ ಯೋಜಕ ಎಂಬ ಹುದ್ದೆಯೇ ಇರುತ್ತದೆ. ನಮ್ಮಲ್ಲಿ ಈ ಕೆಲಸ ಸಂಚಾರ ಶಾಖೆಯದು. ಕಲಬುರಗಿಯ ಕೇಂದ್ರ ಕಚೇರಿಯಲ್ಲಿ ಮುಖ್ಯ ಸಂಚಾರ ವ್ಯವಸ್ಥಾಪಕರು, ರಾಯಚೂರಿನಲ್ಲಿ ವಿಭಾಗೀಯ ಸಂಚಾರಾಧಿಕಾರಿಗಳು, ಕೆಳಗೆ ರಾಯಚೂರು, ಮಾನ್ವಿ, ದೇವದುರ್ಗ ಮುಂತಾದ ಡಿಪೋಗಳ ವ್ಯವಸ್ಥಾಪಕರು. ಹೆಸರು ಏನಾದರೂ ಇರಲಿ, ಕೆಲಸ ಒಂದೇ: ಇರುವಷ್ಟು ಬಸ್ಸು, ಇರುವಷ್ಟು ಸಿಬ್ಬಂದಿ, ಇರುವಷ್ಟು ಡೀಸೆಲ್ಲನ್ನು ಇಡೀ ಜಿಲ್ಲೆಯ ಜನರ ದಿನಚರಿಗೆ ಹೊಂದಿಸುವುದು. ಈ ಲೇಖನದಲ್ಲಿ ಅವರನ್ನು ಯೋಜಕರು ಎಂದೇ ಕರೆಯೋಣ.

ಎರಡು ನದಿಗಳ ನಡುವಿನ ನಾಡು

ಮೊದಲು ಭೂಪಟ ನೋಡಿ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ನಡುವೆ ರಾಯಚೂರು ಜಿಲ್ಲೆ. ರಾಯಚೂರು ನಗರ ಪೂರ್ವದ ಅಂಚಿಗೆ ಇದೆ. ಅಲ್ಲಿಂದ ದೇವದುರ್ಗ ವಾಯವ್ಯಕ್ಕೆ ಸುಮಾರು 55 ಕಿಮೀ, ಮಾನ್ವಿ ನೈರುತ್ಯಕ್ಕೆ ಸುಮಾರು 45 ಕಿಮೀ. ಮೂರೂ ಊರುಗಳನ್ನು ಗೆರೆ ಎಳೆದು ಕೂಡಿಸಿದರೆ ಒಂದು ತ್ರಿಕೋನವಾಗುತ್ತದೆ. ರಾಯಚೂರಿಗೆ ರೈಲು ಬಂದದ್ದು ಬಹಳ ಹಿಂದೆ. ಮುಂಬಯಿಯ ಕಡೆಯಿಂದ ಬಂದ ಹಳಿ ಮತ್ತು ಮದರಾಸಿನ ಕಡೆಯಿಂದ ಬಂದ ಹಳಿ 1871ರಲ್ಲಿ ಇಲ್ಲಿಯೇ ಕೂಡಿದವು. ಆದರೆ ಆ ಹಳಿ ದೇವದುರ್ಗ, ಮಾನ್ವಿಗಳತ್ತ ತಿರುಗಲಿಲ್ಲ. ಆ ಭಾಗದ ಸಂಚಾರವನ್ನೆಲ್ಲ ರಸ್ತೆಯೇ ಹೊತ್ತುಕೊಂಡು ಬಂತು.

ಬಸ್ಸಿನ ಇತಿಹಾಸವೂ ಇಲ್ಲಿ ಸ್ವಲ್ಪ ಬೇರೆ. ರಾಯಚೂರು ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ರೈಲ್ವೆಯೇ 1932ರಲ್ಲಿ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾದದ್ದು 1948ರಲ್ಲಿ. 1956ರಲ್ಲಿ ರಾಯಚೂರು ಹೊಸ ಮೈಸೂರು ರಾಜ್ಯಕ್ಕೆ ಬಂತು. 1961ರಲ್ಲಿ ಇಲಾಖೆ ನಿಗಮವಾಯಿತು. 2000ದಲ್ಲಿ ಈಶಾನ್ಯ ಕರ್ನಾಟಕಕ್ಕೆ ಪ್ರತ್ಯೇಕ ನಿಗಮವಾಗಿ, ಅನಂತರ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂದಾಯಿತು. ಇತಿಹಾಸ ಇಷ್ಟು ಸಾಕು. ಲೆಕ್ಕಕ್ಕೆ ಬರೋಣ.

ಆರೂ ಮುಕ್ಕಾಲು ಬಸ್ಸು ಇಲ್ಲ

ರಾಯಚೂರು–ದೇವದುರ್ಗ ಮಾರ್ಗವನ್ನೇ ತೆಗೆದುಕೊಳ್ಳಿ. ನಿಲುಗಡೆಗಳೂ ಸೇರಿ ಬಸ್ಸು ಗಂಟೆಗೆ ಸರಾಸರಿ 40 ಕಿಮೀ ಹೋಗುತ್ತದೆ ಎಂದಿಟ್ಟುಕೊಂಡರೆ 55 ಕಿಮೀಗೆ ಸುಮಾರು 85 ನಿಮಿಷ. ಕೊನೆಯ ನಿಲ್ದಾಣದಲ್ಲಿ ಚಾಲಕ, ನಿರ್ವಾಹಕರು ನೀರು ಕುಡಿಯಲು, ದಾರಿಯಲ್ಲಿ ಆದ ತಡವನ್ನು ಸರಿದೂಗಿಸಲು 15 ನಿಮಿಷ ಬೇಕು. ಅಲ್ಲಿಗೆ 100 ನಿಮಿಷ. ಹೋಗಿ ಬಂದು ಮತ್ತೆ ಹೊರಡಲು ಸಿದ್ಧವಾಗುವುದಕ್ಕೆ 200 ನಿಮಿಷ. ಇದನ್ನು ಸುತ್ತುಕಾಲ ಎನ್ನೋಣ. 40 ನಿಮಿಷಕ್ಕೊಂದು ಬಸ್ಸು ಬೇಕಾದರೆ 200ನ್ನು 40ರಿಂದ ಭಾಗಿಸಿ: 5 ಬಸ್ಸು. ಇಷ್ಟು ಸುಲಭ.

ಜನ ಅರ್ಧ ಗಂಟೆಗೊಂದು ಬಸ್ಸು ಕೇಳುತ್ತಾರೆ. 200ನ್ನು 30ರಿಂದ ಭಾಗಿಸಿದರೆ ಬರುವುದು 6.67. ಆರೂ ಮುಕ್ಕಾಲು ಬಸ್ಸು ಎಲ್ಲಿ ಸಿಗುತ್ತದೆ? 7 ಬಸ್ಸು ಹಾಕಬೇಕು. ಆಗ ಸುತ್ತುಕಾಲ 210 ನಿಮಿಷಕ್ಕೆ ಹಿಗ್ಗಿ, ಪ್ರತಿ ಸುತ್ತಿನಲ್ಲೂ 10 ನಿಮಿಷ ಬಸ್ಸು ಸುಮ್ಮನೆ ನಿಲ್ಲುತ್ತದೆ. ಈಗ ರಸ್ತೆ ದುರಸ್ತಿಯಾಗಿ ಒಂದು ಕಡೆಯ ಪ್ರಯಾಣ 85ರಿಂದ 75 ನಿಮಿಷಕ್ಕೆ ಇಳಿಯಿತು ಎಂದುಕೊಳ್ಳಿ. ಸುತ್ತುಕಾಲ 180 ಆಯಿತು. ಅರ್ಧ ಗಂಟೆಗೊಂದರಂತೆ ಓಡಿಸಲು 6 ಬಸ್ಸು ಸಾಕು. ರಸ್ತೆಯ ಗುಂಡಿ ಮುಚ್ಚಿದ್ದರಿಂದ ಒಂದು ಇಡೀ ಬಸ್ಸು, ಅದರ ಸಿಬ್ಬಂದಿ ಸಮೇತ, ಬೇರೆ ಹಳ್ಳಿಗೆ ಸಿಕ್ಕಂತಾಯಿತು. ಗುಂಡಿ ಬಿದ್ದಾಗ ಇದೇ ಲೆಕ್ಕ ತಿರುವುಮುರುವಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ರಸ್ತೆ ಒಂದು ಇಲಾಖೆಯದು, ಬಸ್ಸು ಇನ್ನೊಂದರದು. ಹಾಗಾಗಿ ಗುಂಡಿಯ ಖರ್ಚಿನಲ್ಲಿ ಈ ಬಸ್ಸಿನ ನಷ್ಟವನ್ನು ಯಾರೂ ಬರೆಯುವುದಿಲ್ಲ.

ಬಸ್ಸು ದಿನವಿಡೀ ಓಡಬಹುದು, ಮನುಷ್ಯ ಓಡಲಾರ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿತು. ಆಮೇಲೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಅದೇ ಮಿತಿ. 8 ಗಂಟೆ ಎಂದರೆ 480 ನಿಮಿಷ. 200 ನಿಮಿಷದ ಎರಡು ಸುತ್ತು ಮುಗಿದರೆ 400 ಆಯಿತು. ಬಸ್ಸು ಪರೀಕ್ಷಿಸಿ ತೆಗೆದುಕೊಳ್ಳಲು, ಸಂಜೆ ಹಣ ಕಟ್ಟಿ ಲೆಕ್ಕ ಒಪ್ಪಿಸಲು ಇನ್ನು 40. ಉಳಿದದ್ದು 40 ನಿಮಿಷ. ಮೂರನೆಯ ಸುತ್ತು ಸಾಧ್ಯವಿಲ್ಲ. ಆದರೆ 8 ಕಿಮೀ ದೂರದ ಒಂದು ಹಳ್ಳಿಗೆ ಹೋಗಿಬರಬಹುದು. ಯೋಜಕರು ಆ ಟ್ರಿಪ್ಪನ್ನು ಅಲ್ಲಿ ಸೇರಿಸುತ್ತಾರೆ.

ಹಳ್ಳಿಯ ಬಸ್ಸು ಮಧ್ಯಾಹ್ನ 2.10ರಂಥ ಯಾರಿಗೂ ಬೇಡದ ಹೊತ್ತಿಗೆ ಏಕೆ ಬರುತ್ತದೆ ಎಂದು ನೀವು ಯೋಚಿಸಿದ್ದರೆ, ಅದಕ್ಕೆ ಒಂದು ಉತ್ತರ ಇಲ್ಲಿದೆ. ಆ ಬಸ್ಸು ಹಳ್ಳಿಗಾಗಿ ಹೊರಟದ್ದಲ್ಲ. ದೊಡ್ಡ ಮಾರ್ಗದ ಶೆಡ್ಯೂಲಿನಲ್ಲಿ ಮಿಕ್ಕ ಚೂರು ಸಮಯ ಅದು. ಅದರಲ್ಲಿ ಜನ ಇರುವುದಿಲ್ಲ. ಜನ ಇಲ್ಲ ಎಂದು ಆರು ತಿಂಗಳ ನಂತರ ಅದನ್ನು ನಿಲ್ಲಿಸಲಾಗುತ್ತದೆ. ‘ಆ ಹಳ್ಳಿಯಿಂದ ಬೇಡಿಕೆಯಿಲ್ಲ’ ಎಂಬ ಷರಾ ಕಡತದಲ್ಲಿ ಉಳಿಯುತ್ತದೆ.

ಕಲ್ಮಲಾ ಕ್ರಾಸಿನಲ್ಲಿ ಕಾಯುವುದು

ರಾಯಚೂರಿನಿಂದ ಹೊರಟ ರಸ್ತೆ ಕಲ್ಮಲಾದಲ್ಲಿ ಕವಲೊಡೆಯುತ್ತದೆ. ಒಂದು ಕವಲು ಗಬ್ಬೂರಿನ ಮೇಲೆ ದೇವದುರ್ಗಕ್ಕೆ, ಇನ್ನೊಂದು ಮಾನ್ವಿ, ಸಿಂಧನೂರಿನತ್ತ. ಅಂದರೆ ರಾಯಚೂರು–ಕಲ್ಮಲಾ ನಡುವಿನ ಹಳ್ಳಿಗಳ ಜನರಿಗೆ ದೇವದುರ್ಗದ ಬಸ್ಸೂ ಆಗುತ್ತದೆ, ಮಾನ್ವಿಯ ಬಸ್ಸೂ ಆಗುತ್ತದೆ. ಎರಡೂ ಕಡೆಗೆ 40 ನಿಮಿಷಕ್ಕೊಂದು ಬಸ್ಸಿದೆ ಎನ್ನೋಣ. ಎರಡನ್ನೂ ಒಂದೇ ಹೊತ್ತಿಗೆ ಬಿಟ್ಟರೆ ನಡುವಿನ ಹಳ್ಳಿಯವರು ಸರಾಸರಿ 20 ನಿಮಿಷ ಕಾಯಬೇಕು. ಒಂದನ್ನು 20 ನಿಮಿಷ ಮುಂದಕ್ಕೆ ಸರಿಸಿದರೆ ಸರಾಸರಿ ಕಾಯುವಿಕೆ 10 ನಿಮಿಷ. ಒಂದು ಹನಿ ಡೀಸೆಲ್ ಹೆಚ್ಚು ಬೇಕಾಗಿಲ್ಲ.

ಈಗ ಸ್ವಲ್ಪ ಸೂಕ್ಷ್ಮ ಪ್ರಶ್ನೆ. ಎರಡು ಬಸ್ಸುಗಳ ನಡುವೆ 5 ನಿಮಿಷ ಅಂತರ ಇಟ್ಟು ಬಿಟ್ಟರೆ? ಆಗ ಕಾಲಾಂತರಗಳು 5, 35, 5, 35 ಎಂದು ಸಾಗುತ್ತವೆ. ಸರಾಸರಿ ಅಂತರ 20 ನಿಮಿಷವೇ. ಆದ್ದರಿಂದ ಸರಾಸರಿ ಕಾಯುವಿಕೆ 10 ಎಂದು ನಿಮಗೆ ಅನ್ನಿಸಬಹುದು. ಹಾಗಲ್ಲ. 40 ನಿಮಿಷದಲ್ಲಿ ಯಾವಾಗಲೋ ಕ್ರಾಸಿಗೆ ಬಂದ ವ್ಯಕ್ತಿ 35 ನಿಮಿಷದ ಅಂತರದೊಳಗೆ ಸಿಕ್ಕಿಕೊಳ್ಳುವ ಸಂಭವ 8ರಲ್ಲಿ 7. ಅಲ್ಲಿ ಸಿಕ್ಕವರ ಸರಾಸರಿ ಕಾಯುವಿಕೆ 17.5 ನಿಮಿಷ. 5 ನಿಮಿಷದ ಅಂತರದಲ್ಲಿ ಬರುವ ಅದೃಷ್ಟವಂತರು 8ರಲ್ಲಿ ಒಬ್ಬರು, ಅವರದು 2.5 ನಿಮಿಷ. ಎರಡನ್ನೂ ತೂಗಿ ಕೂಡಿಸಿದರೆ 15.6 ನಿಮಿಷ. ದೀರ್ಘ ಅಂತರವು ಹೆಚ್ಚು ಜನರನ್ನು ನುಂಗುತ್ತದೆ. ‘ನಾನು ಬಂದಾಗಲೇ ಬಸ್ಸು ಇರುವುದಿಲ್ಲ’ ಎಂದು ನೀವು ಗೊಣಗುವುದಕ್ಕೆ ಸಂಭವನೀಯತೆಯ ಶಾಸ್ತ್ರದ ಬೆಂಬಲವಿದೆ!

ಹಾಗಾದರೆ ಬಸ್ಸುಗಳನ್ನು ಸಮ ಅಂತರದಲ್ಲಿ ಏಕೆ ಬಿಡುವುದಿಲ್ಲ? ದೇವದುರ್ಗದ ಶೆಡ್ಯೂಲನ್ನು ಒಂದು ಡಿಪೋ, ಮಾನ್ವಿಯದನ್ನು ಇನ್ನೊಂದು ಡಿಪೋ ತಯಾರಿಸಿದರೆ, ಇಬ್ಬರಿಗೂ ಬೆಳಿಗ್ಗೆ 9 ಗಂಟೆಯೇ ಒಳ್ಳೆಯ ವೇಳೆಯಾಗಿ ಕಾಣುವುದು ಸಹಜ. ಇಬ್ಬರ ಲೆಕ್ಕವೂ ಸರಿ. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡುವ ಮೂರನೆಯವರು ಬೇಕು. ಹಿರಿಯ ಯೋಜಕರಿಗೆ ಸಂಬಳ ಕೊಡುವುದು ಮುಖ್ಯವಾಗಿ ಈ ಕೆಲಸಕ್ಕೆ. ಇಲ್ಲಿ ಇನ್ನೊಂದು ಮಾತು. ಕಾಯುವ ನಿಮಿಷವನ್ನು ಬಸ್ಸಿನೊಳಗೆ ಕುಳಿತ ನಿಮಿಷದ ಸುಮಾರು ಎರಡು ಪಟ್ಟು ಭಾರವೆಂದು ಸಾರಿಗೆ ಶಾಸ್ತ್ರದಲ್ಲಿ ಎಣಿಸುವ ರೂಢಿಯಿದೆ. 40 ಡಿಗ್ರಿ ದಾಟುವ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ, ನೆರಳಿಲ್ಲದ ಕ್ರಾಸಿನಲ್ಲಿ ನಿಂತವರಿಗೆ ಎರಡು ಪಟ್ಟು ಎಂಬುದು ಕಡಿಮೆಯೇ.

ಶೇಕಡಾ 75 ಎಂಬ ಸುಳ್ಳು

ಬಸ್ಸಿನಲ್ಲಿ ಜನ ಇದ್ದಾರೆಯೇ ಎಂದು ತಿಳಿಯಲು ನಿಗಮಗಳು ಬಳಸುವ ಅಳತೆಗೋಲು ಆಸನ ಭರ್ತಿ ಪ್ರಮಾಣ, ಕಚೇರಿಯ ಭಾಷೆಯಲ್ಲಿ ಲೋಡ್ ಫ್ಯಾಕ್ಟರ್. 55 ಆಸನದ ಬಸ್ಸೊಂದು ಬೆಳಿಗ್ಗೆ ಹಳ್ಳಿಗಳಿಂದ ಮಾನ್ವಿಗೆ 75 ಜನರನ್ನು ತುಂಬಿಕೊಂಡು ಬಂತು. ಮರಳಿ ಹೋಗುವಾಗ ಇದ್ದವರು 8 ಜನ. ಒಟ್ಟು 110 ಆಸನಗಳಿಗೆ 83 ಪ್ರಯಾಣಿಕರು. ಶೇಕಡಾ 75. ಕಾಗದದ ಮೇಲೆ ಇದು ಆರೋಗ್ಯವಂತ ಸಂಖ್ಯೆ. ಇನ್ನೂ ಕಾಲು ಭಾಗ ಜಾಗ ಖಾಲಿ ಇದೆ ಎಂದೇ ಅರ್ಥ. ಆದರೆ ಮೂರನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲದೆ ಹೋಯಿತು. ಅಲ್ಲಿ 12 ಮಕ್ಕಳು ಪಾಟಿಚೀಲ ಹಿಡಿದು ನಿಂತಿದ್ದರು. ಅವರು ಟಿಕೆಟ್ ಪಡೆಯಲಿಲ್ಲ, ಆದ್ದರಿಂದ ಯಂತ್ರಕ್ಕೆ ಗೊತ್ತಿಲ್ಲ. ಯಂತ್ರಕ್ಕೆ ಗೊತ್ತಿಲ್ಲದ್ದು ಕಚೇರಿಗೆ ಗೊತ್ತಿಲ್ಲ.

ಬಸ್ಸು ಯೋಜನೆಯಲ್ಲಿ ಅತ್ಯಂತ ಕಷ್ಟದ ಎಣಿಕೆ ಇದು ಎಂದು ನನ್ನ ಅಭಿಪ್ರಾಯ. ಹತ್ತಿದವರನ್ನು ಎಣಿಸುವುದು ಸುಲಭ. ಹತ್ತದೆ ಉಳಿದವರಲ್ಲಿ ಮೂರು ಬಗೆ. ಬಸ್ಸು ತುಂಬಿದ್ದರಿಂದ ಉಳಿದವರು, ವೇಳೆ ಹೊಂದದ್ದರಿಂದ ಬೇರೆ ವಾಹನ ಹಿಡಿದವರು, ಪ್ರಯಾಣದ ಆಸೆಯನ್ನೇ ಬಿಟ್ಟು ಮನೆಯಲ್ಲಿ ಉಳಿದವರು. ಮೊದಲನೆಯವರನ್ನು ಸ್ಟಾಪಿನಲ್ಲಿ ನಿಂತು ಎಣಿಸಬಹುದು. ಎರಡನೆಯವರನ್ನು ರಸ್ತೆಯಲ್ಲಿ ಹೋಗುವ ಟಂಟಂ, ಕ್ರೂಸರ್, ಟಾಟಾ ಏಸ್‌ಗಳಲ್ಲಿ ಕಾಣಬಹುದು. ಮೂರನೆಯವರನ್ನು ಕಾಣಬೇಕಾದರೆ ಮನೆಮನೆಗೆ ಹೋಗಬೇಕು, ಇಲ್ಲವೇ ಶಾಲೆಯ ಹಾಜರಿ ಪುಸ್ತಕ ತೆರೆದು, ಯಾವ ಊರಿನ ಮಕ್ಕಳು ಯಾವ ತರಗತಿಯ ನಂತರ ನಿಂತುಬಿಟ್ಟರು ಎಂದು ನೋಡಬೇಕು.

ಎರಡನೆಯ ಗುಂಪಿನ ಗತಿ ಏನಾಗಬಹುದು ಎಂಬುದಕ್ಕೆ ಒಂದು ಘೋರ ಉದಾಹರಣೆ ಇದೆ. 2022ರ ಆಗಸ್ಟ್ 25ರ ಬೆಳಗಿನ ಜಾವ ರಾಯಚೂರು ಜಿಲ್ಲೆಯ ಕೂಲಿಕಾರರನ್ನು ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಕ್ರೂಸರ್ ತುಮಕೂರು ಜಿಲ್ಲೆಯ ಶಿರಾ ಬಳಿ ಲಾರಿಗೆ ಡಿಕ್ಕಿ ಹೊಡೆಯಿತು. 9 ಜನ ಸತ್ತರು. ದುಡಿಮೆಗಾಗಿ ಹೊರಟವರು ರಾತ್ರಿಯಿಡೀ ಅಂಥ ವಾಹನದಲ್ಲಿ ಇಕ್ಕಟ್ಟಾಗಿ ಕೂರುವುದು ಇಷ್ಟಪಟ್ಟು ಅಲ್ಲ. ಮನೆ ಬಾಗಿಲಿನಿಂದ ಕೆಲಸದ ಜಾಗಕ್ಕೆ, ಸಾಮಾನು ಸರಂಜಾಮು ಮಕ್ಕಳ ಸಮೇತ, ಗುಂಪಾಗಿ ಒಯ್ಯುವ ಬೇರೆ ವಾಹನ ಸುಲಭವಾಗಿ ಸಿಗದು. ಹೊಲದ ಕೆಲಸಕ್ಕೆ ಊರಿಂದ ಊರಿಗೆ ಹೋಗುವ ಹೆಂಗಸರ ಕಥೆಯೂ ಇದೇ. ಭತ್ತದ ನಾಟಿ, ಮೆಣಸಿನಕಾಯಿ ಬಿಡಿಸುವುದು, ಹತ್ತಿ ಬಿಡಿಸುವುದು, ಒಂದೊಂದಕ್ಕೂ ಒಂದೊಂದು ಕಾಲ, ಒಂದೊಂದು ದಿಕ್ಕು. ವರ್ಷವಿಡೀ ಒಂದೇ ರೀತಿ ಇರುವ ವೇಳಾಪಟ್ಟಿಗೆ ಈ ಋತುಮಾನ ಕಾಣುವುದೇ ಇಲ್ಲ.

ಕಾನೂನಿನ ಎರಡು ಕಲಮುಗಳು

ಹೀಗಾಗಲು ಯೋಜಕರ ನಿರ್ಲಕ್ಷ್ಯವೇ ಕಾರಣವೆನ್ನುವುದು ಸರಿಯಲ್ಲ. ಸಾರಿಗೆ ನಿಗಮಗಳೆಲ್ಲ 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯಡಿ ಹುಟ್ಟಿದವು. ಅದರ 18ನೆಯ ಕಲಮು ದಕ್ಷ, ಸಾಕಷ್ಟಾದ, ಮಿತವ್ಯಯದ, ಪರಸ್ಪರ ಹೊಂದಾಣಿಕೆಯುಳ್ಳ ಸಾರಿಗೆಯನ್ನು ಒದಗಿಸಬೇಕು ಎನ್ನುತ್ತದೆ. 22ನೆಯ ಕಲಮು ನಿಗಮವು ವ್ಯವಹಾರದ ತತ್ವಗಳ ಮೇಲೆ ನಡೆಯಬೇಕು ಎನ್ನುತ್ತದೆ. ‘ಸಾಕಷ್ಟಾದ’ ಎಂಬ ಪದ ಕೃಷ್ಣೆಯ ದಂಡೆಯ ಹಳ್ಳಿಯತ್ತ ಎಳೆದರೆ, ‘ವ್ಯವಹಾರ’ ಎಂಬ ಪದ ರಾಯಚೂರು–ಬೆಂಗಳೂರು ರಾತ್ರಿ ಬಸ್ಸಿನತ್ತ ಎಳೆಯುತ್ತದೆ. ಯೋಜಕರು ಇವೆರಡರ ನಡುವೆ ಕುಳಿತಿದ್ದಾರೆ.

ಇದು ನಮ್ಮ ದೇಶದ್ದೇ ತೊಡಕಲ್ಲ. ಅಮೆರಿಕದ ಸಾರಿಗೆ ಯೋಜಕ ಜ್ಯಾರೆಟ್ ವಾಕರ್ ಇದನ್ನು ಬಹಳ ಸ್ಪಷ್ಟವಾಗಿ ಮುಂದಿಟ್ಟಿದ್ದಾರೆ. ಹೆಚ್ಚು ಜನರನ್ನು ಸಾಗಿಸುವ ಗುರಿ ಬೇರೆ, ಹೆಚ್ಚು ಊರುಗಳನ್ನು ಮುಟ್ಟುವ ಗುರಿ ಬೇರೆ. ಒಂದೇ ರೂಪಾಯಿಯಿಂದ ಎರಡನ್ನೂ ಪೂರ್ತಿ ಸಾಧಿಸಲಾಗದು. ಎಷ್ಟು ಪಾಲು ಯಾವುದಕ್ಕೆ ಎಂಬುದನ್ನು ಜನಪ್ರತಿನಿಧಿಗಳು ತೆರೆದ ಸಭೆಯಲ್ಲಿ ನಿರ್ಧರಿಸಬೇಕೇ ಹೊರತು ಅದನ್ನು ಲೆಕ್ಕದ ಹಾಳೆಯೊಳಗೆ ಅಡಗಿಸಬಾರದು ಎಂಬುದು ಅವರ ವಾದ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗ ಅದರಲ್ಲಿತ್ತು. ಅಂಥ ತಾಲ್ಲೂಕಿನ ಬಸ್ಸನ್ನು ಪ್ರತಿ ಕಿಮೀಗೆ ಬರುವ ಆದಾಯವೊಂದರಿಂದಲೇ ಅಳೆದರೆ, ಹಿಂದುಳಿದದ್ದು ಇನ್ನೂ ಹಿಂದೆ ಉಳಿಯುತ್ತದೆ. ಸಂಜೆಯ ಟ್ರಿಪ್ಪಿಗೆ ಆದಾಯ ಕಡಿಮೆ ಎಂದು ಅದನ್ನು ತೆಗೆದರೆ, ಮರಳಿ ಬರುವ ದಾರಿ ಇಲ್ಲದ್ದರಿಂದ ಬೆಳಗಿನ ಬಸ್ಸನ್ನೂ ಜನ ಬಿಡುತ್ತಾರೆ. ಮರುವರ್ಷ ಅದೂ ನಷ್ಟದ ಪಟ್ಟಿಗೆ ಬರುತ್ತದೆ. ಹೋಗುವ ಬಸ್ಸು ಬದುಕುವುದು ಬರುವ ಬಸ್ಸಿನಿಂದ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದಾಗ ಯೋಜಕರಿಗೆ, ಯಾರೂ ಅಷ್ಟಾಗಿ ಗಮನಿಸದ ಒಂದು ಉಪಕಾರವಾಯಿತು. ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ದರದ ಟಿಕೆಟ್. ಹಣ ಇಲ್ಲ, ಆದರೆ ಟಿಕೆಟ್ ಇದೆ. ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಟಿಕೆಟ್ಟಿನ ಆಧಾರದ ಮೇಲೆ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಸಂಖ್ಯೆ ರಾಜ್ಯದಲ್ಲಿ 500 ಕೋಟಿ ಮುಟ್ಟಿತು. ದರವೆಂಬ ತಡೆ ಸರಿದೊಡನೆ ಹಿಂದೆ ಎಣಿಕೆಗೆ ಸಿಗದಿದ್ದ ಬೇಡಿಕೆ ಟಿಕೆಟ್ ಯಂತ್ರದಲ್ಲಿ ಮೂಡಿತು. ಮನೆಯಲ್ಲಿ ಉಳಿದಿದ್ದ ಮೂರನೆಯ ಗುಂಪಿನ ಒಂದು ಪಾಲು ಬಸ್ಸು ಹತ್ತಿತು ಎನ್ನಿ. ಯೋಜನೆಯ ಖರ್ಚಿನ ಬಗ್ಗೆ ವಾದಗಳು ಏನೇ ಇರಲಿ, ಅದು ಬೇರೆ ವಿಷಯ.

ಆದರೂ ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಯಂತ್ರವು ದಾಖಲಿಸುವುದು ದರದ ಸ್ಟೇಜುಗಳನ್ನು, ನಿಜವಾಗಿ ಹತ್ತಿ ಇಳಿದ ಜಾಗವನ್ನಲ್ಲ. ನೂಕುನುಗ್ಗಲಿನಲ್ಲಿ ನಿರ್ವಾಹಕರು ಕೊನೆಯ ಊರಿಗೇ ಟಿಕೆಟ್ ಹರಿದು ಕೊಟ್ಟಿರುವ ಸಾಧ್ಯತೆ ಇದೆ. ದರ ಇಲ್ಲದಿರುವಾಗ ಪ್ರಯಾಣಿಕರೂ ಅದನ್ನು ಪ್ರಶ್ನಿಸಲಾರರು. ಬಸ್ಸೇ ಇಲ್ಲದ ಊರಿನಲ್ಲಂತೂ ಉಚಿತ ಟಿಕೆಟ್ಟೂ ಇಲ್ಲ. ಹೀಗಾಗಿ ಸ್ಟಾಪಿನಲ್ಲಿ ನಿಂತು ಎಣಿಸುವ ಹಳೆಯ ಪದ್ಧತಿಗೆ ಪರ್ಯಾಯ ಇನ್ನೂ ಬಂದಿಲ್ಲ.

ಗಂಟೆ ಬಾರಿಸುವ ಹೊತ್ತು

ಹೊಸ ಬಸ್ಸಿಲ್ಲದೆ ಏನು ಮಾಡಬಹುದು? ಸಾಕಷ್ಟು ಮಾಡಬಹುದು. ಡಿಪೋದ ಬಸ್ಸುಗಳಿಗೆಲ್ಲ ಬೆಳಿಗ್ಗೆ 8ರಿಂದ 10ರವರೆಗೆ ಮೈತುಂಬ ಕೆಲಸ. ಮಧ್ಯಾಹ್ನ ಅದೇ ಬಸ್ಸುಗಳು ಅರೆ ಖಾಲಿ. ಅಂದರೆ ಎಷ್ಟು ಬಸ್ಸು ಬೇಕು ಎಂದು ತೀರ್ಮಾನಿಸುವುದು ಇಡೀ ದಿನವಲ್ಲ, ಆ ಎರಡು ಗಂಟೆ. ಪಟ್ಟಣದ ಪ್ರೌಢಶಾಲೆ, ಕಾಲೇಜು, ಐಟಿಐ ಎಲ್ಲವೂ 10ಕ್ಕೇ ಆರಂಭವಾದರೆ ಹತ್ತು ದಿಕ್ಕಿಗೆ ಹತ್ತು ಬಸ್ಸು ಬೇಕು. ಕಾಲೇಜು 9.30ಕ್ಕೆ, ಪ್ರೌಢಶಾಲೆ 10.30ಕ್ಕೆ ಎಂದು ಬದಲಿಸಿದರೆ, ಒಂದು ದಿಕ್ಕಿನಿಂದ ಕಾಲೇಜಿನವರನ್ನು ತಂದಿಳಿಸಿದ ಬಸ್ಸೇ 12 ಕಿಮೀ ದೂರದ ಇನ್ನೊಂದು ಹಳ್ಳಿಗೆ ಅರ್ಧ ಗಂಟೆಯಲ್ಲಿ ಹೋಗಿ, ಮತ್ತರ್ಧ ಗಂಟೆಯಲ್ಲಿ ಶಾಲೆಯ ಮಕ್ಕಳನ್ನು ತರಬಲ್ಲದು. ಎಲ್ಲಕ್ಕಿಂತ ಅಗ್ಗದ ಬಸ್ಸು ಎಂದರೆ ಶಾಲೆಯ ಗಂಟೆಯನ್ನು ಹಿಂದೆಮುಂದೆ ಮಾಡುವುದು. ಇದಕ್ಕೆ ಯೋಜಕರು ಗಣಿತ ಬಿಟ್ಟು ಪ್ರಾಂಶುಪಾಲರ ಕೋಣೆಗೆ ಹೋಗಿ ಕೂರಬೇಕು. ಅದು ಗಣಿತಕ್ಕಿಂತ ಕಷ್ಟ.

ಇನ್ನೊಂದು ಉಪಾಯ ನಮ್ಮ ಭಾಗದ ಹಳೆಯ ವಸ್ತಿ ಬಸ್ಸು. ರಾತ್ರಿ ಕೊನೆಯ ಟ್ರಿಪ್ಪಿನಲ್ಲಿ ಹಳ್ಳಿಗೆ ಹೋಗಿ ಅಲ್ಲಿಯೇ ನಿಂತು, ಬೆಳಿಗ್ಗೆ ಮೊದಲ ಬಸ್ಸಾಗಿ ಹೊರಡುವುದು. ಡಿಪೋದಿಂದ 25 ಕಿಮೀ ದೂರದ ಹಳ್ಳಿ ಎಂದರೆ ರಾತ್ರಿ ಖಾಲಿ ಮರಳುವ 25 ಕಿಮೀ, ಬೆಳಿಗ್ಗೆ ಖಾಲಿ ಹೋಗುವ 25 ಕಿಮೀ ಉಳಿಯಿತು. ಲೀಟರಿಗೆ ಸುಮಾರು 5 ಕಿಮೀ ಹಿಡಿದರೆ ದಿನಕ್ಕೆ 10 ಲೀಟರ್ ಡೀಸೆಲ್. ಹಳ್ಳಿಯವರಿಗೆ ಎರಡು ಉಪಯೋಗ: ಸಂಜೆ ತಡವಾದರೂ ಊರು ಮುಟ್ಟಬಹುದು, ಬೆಳಿಗ್ಗೆ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಹೊರರೋಗಿ ಚೀಟಿ ಕೊಡುವ ಹೊತ್ತಿಗೆ ತಲುಪಬಹುದು. ತೊಡಕು ಎಲ್ಲಿ ಎಂದರೆ ಚಾಲಕ, ನಿರ್ವಾಹಕರು ಮಲಗುವ ಜಾಗದಲ್ಲಿ. ಒಂದು ಕೋಣೆ, ಒಂದು ಶೌಚಾಲಯ, ಕುಡಿಯುವ ನೀರು ಇಲ್ಲದ ಊರಿನಲ್ಲಿ ವಸ್ತಿ ಮಾಡಿ ಎಂದರೆ ಯಾರು ಒಪ್ಪುತ್ತಾರೆ? ನಿರ್ವಾಹಕಿಯರಿಗಂತೂ ಸಾಧ್ಯವೇ ಇಲ್ಲ. ವಸ್ತಿ ಬಸ್ಸು ಕೇಳುವ ಗ್ರಾಮ ಪಂಚಾಯಿತಿ ಮೊದಲು ಆ ಕೋಣೆಯನ್ನು ತೋರಿಸುವುದು ನ್ಯಾಯ.

ತ್ರಿಕೋನದ ಮೂರನೆಯ ಬಾಹುವಿನ ಮಾತು ಉಳಿದಿದೆ. ದೇವದುರ್ಗದಿಂದ ಮಾನ್ವಿಗೆ ಹೋಗುವವರು ರಾಯಚೂರಿನ ಮೇಲೆ ಸುತ್ತಿದರೆ 100 ಕಿಮೀ. ಸಿರವಾರದ ಮೇಲೆ ನೇರವಾಗಿ ಹೋದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ದಿನವಿಡೀ ನೇರ ಬಸ್ಸು ಓಡಿಸುವಷ್ಟು ಜನ ಎಲ್ಲ ಹೊತ್ತಿನಲ್ಲೂ ಇರಲಾರರು. ಇಂಥ ಸಮಸ್ಯೆಗೆ ಸ್ವಿಟ್ಜರ್ಲೆಂಡ್ ಒಂದು ದಾರಿ ಕಂಡುಕೊಂಡಿತು. ಅಲ್ಲಿನ ರೈಲ್ವೆ 1982ರಲ್ಲಿ ದೇಶದಾದ್ಯಂತ ಗಂಟೆಗೊಂದು ರೈಲು, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಎಂಬ ಕ್ರಮ ತಂದಿತು. ಅನಂತರ ದೊಡ್ಡ ಜಂಕ್ಷನ್ನುಗಳಲ್ಲಿ ಎಲ್ಲ ದಿಕ್ಕಿನ ರೈಲುಗಳೂ ಸುಮಾರು ಒಂದೇ ಹೊತ್ತಿಗೆ ಬಂದು, ಜನ ಬದಲಾಯಿಸಿಕೊಂಡ ಮೇಲೆ ಹೊರಡುವಂತೆ ಹೊಂದಿಸುತ್ತ ಹೋದರು. ಸಿರವಾರ ಈಗ ತಾಲ್ಲೂಕು ಕೇಂದ್ರ. ಮಾನ್ವಿಯ ಬಸ್ಸು, ದೇವದುರ್ಗದ ಬಸ್ಸು, ರಾಯಚೂರು–ಲಿಂಗಸುಗೂರು ಬಸ್ಸು ಮೂರೂ ಎರಡು ಗಂಟೆಗೊಮ್ಮೆಯಾದರೂ ಅಲ್ಲಿ 10 ನಿಮಿಷ ಒಟ್ಟಿಗೆ ನಿಂತರೆ, ನಾಲ್ಕೂ ದಿಕ್ಕಿನವರು ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಬಸ್ಸು ನಿಮಿಷಕ್ಕೆ ಸರಿಯಾಗಿ ಬರಬೇಕು. 20 ನಿಮಿಷ ತಡವಾದರೆ ಇಡೀ ಏರ್ಪಾಡು ಮುರಿದು, ಪ್ರಯಾಣಿಕರು ಎರಡು ಗಂಟೆ ಸಿರವಾರದಲ್ಲಿ ಸಿಕ್ಕಿಬೀಳುತ್ತಾರೆ. ರಸ್ತೆಯ ಗುಂಡಿ ಇಲ್ಲಿಯೂ ಅಡ್ಡ ಬರುತ್ತದೆ!

ನೀವೇ ಎಣಿಸಿ

ನೀವು ಶಿಕ್ಷಕರಾಗಿದ್ದರೆ ಅಥವಾ ಊರಿನ ವಿಜ್ಞಾನ ಸಂಘದವರಾಗಿದ್ದರೆ ಈ ಎಣಿಕೆಯನ್ನು ಮಕ್ಕಳಿಂದ ಮಾಡಿಸಬಹುದು. ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಗಡಿಯಾರ, ಒಂದು ವಾರ. ಹಾಳೆಯನ್ನು ಆರು ಅಂಕಣ ಮಾಡಿ. ಬಸ್ಸು ಬರಬೇಕಾದ ವೇಳೆ, ಬಂದ ವೇಳೆ, ಹತ್ತಿದವರು, ಇಳಿದವರು, ಹತ್ತಲಾಗದೆ ಉಳಿದವರು, ಆ ನಡುವೆ ಟಂಟಂ ಹತ್ತಿದವರು. ಉಳಿದವರಲ್ಲಿ ವಿದ್ಯಾರ್ಥಿಗಳು ಎಷ್ಟು, ಹೆಂಗಸರು ಎಷ್ಟು ಎಂದು ಬೇರೆ ಗುರುತು ಹಾಕಿ. ಒಂದು ದಿನದ ಎಣಿಕೆ ಸಾಲದು. ಸಂತೆಯ ದಿನ, ಹಬ್ಬದ ಹಿಂದುಮುಂದಿನ ದಿನ ಅಂಕಿಗಳು ಬೇರೆಯೇ ಇರುತ್ತವೆ, ಅವನ್ನು ಪ್ರತ್ಯೇಕವಾಗಿಡಿ. ಬಂದ ವೇಳೆಗಳಿಂದ ಕಾಲಾಂತರಗಳನ್ನು ಕಂಡುಹಿಡಿದು, ಮೇಲಿನ 5–35ರ ಲೆಕ್ಕದಂತೆ ಸರಾಸರಿ ಕಾಯುವಿಕೆಯನ್ನು ಎಂಟು, ಒಂಬತ್ತನೆಯ ತರಗತಿಯ ಮಕ್ಕಳೇ ತೆಗೆಯಬಲ್ಲರು.

ಸಾಧ್ಯವಾದರೆ ಇನ್ನೊಂದು ಹಾಳೆ ಸೇರಿಸಿ. ನಿಮ್ಮ ಊರಿನಲ್ಲಿ ಏಳನೆಯ ತರಗತಿ ಮುಗಿಸಿದ ಮಕ್ಕಳಲ್ಲಿ ಎಷ್ಟು ಜನ ಪಟ್ಟಣದ ಶಾಲೆ ಸೇರಿದರು, ಎಷ್ಟು ಜನ ನಡುವೆ ಬಿಟ್ಟರು, ಬಿಟ್ಟವರಲ್ಲಿ ಎಷ್ಟು ಜನ ಬಸ್ಸಿನ ಕಾರಣ ಹೇಳಿದರು. ಹೆಸರು ಬೇಡ, ಸಂಖ್ಯೆ ಸಾಕು. ಡಿಪೋ ವ್ಯವಸ್ಥಾಪಕರಿಗೆ ‘ನಮ್ಮೂರಿಗೆ ಬಸ್ಸು ಬೇಕು’ ಎಂಬ ಅರ್ಜಿಗಳು ಬಹಳ ಬರುತ್ತವೆ. ಅಂಥ ಅರ್ಜಿಯ ಜೊತೆಗೆ ಈ ಎರಡು ಹಾಳೆ ಲಗತ್ತಿಸಿ, ಒಂದು ಪ್ರತಿಯನ್ನು ರಾಯಚೂರಿನ ವಿಭಾಗೀಯ ಕಚೇರಿಯ ಸಂಚಾರ ಶಾಖೆಗೂ ಕಳಿಸಿ. ಟಿಕೆಟ್ ಯಂತ್ರದಲ್ಲಿ ಇಲ್ಲದ ಅಂಕಿಗಳು ಅವು.